ಕಫ ನಮ್ಮದು, ಕೀವು ನಮ್ಮದು, ಲೆಕ್ಕ ಮಾತ್ರ ತಲಪಾಡಿಯ ಆಚೆ

ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳಿಗೆ, ಜಿಲ್ಲಾಧಿಕಾರಿಗಳಿಗೆ ಮತ್ತು ಕೇರಳದ ಆರೋಗ್ಯ ಸಚಿವರಿಗೆ,

ಮಾನ್ಯರೇ,

ನಾನು ಕುಂಬಳೆ ಕಡೆಯವಳು. 1988ರಿಂದ 2022ರವರೆಗೆ ಮಂಗಳೂರಿನ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಬೆಳಗ್ಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವ ಬದುಕು. ರೈಲಿನಲ್ಲಿ ಪಕ್ಕದಲ್ಲಿ ಕೂತವರು ‘ಎಂತ ಕೆಲಸ ನಿಮ್ಮದು?’ ಅಂತ ಕೇಳಿದರೆ ‘ಲ್ಯಾಬಿನಲ್ಲಿ’ ಅಂತಷ್ಟೇ ಹೇಳುತ್ತಿದ್ದೆ. ಕಫ, ಕೀವು ಅಂತ ಬಿಡಿಸಿ ಹೇಳಿದರೆ ನನ್ನ ಡಬ್ಬಿಯ ಚಕ್ಕುಲಿಯನ್ನು ಯಾರು ಮುಟ್ಟುತ್ತಿದ್ದರು?

ಈಗ ಬಿಡಿಸಿಯೇ ಹೇಳುತ್ತೇನೆ. ಈ ಪತ್ರ ಆ ಕಫ ಮತ್ತು ಕೀವಿನ ಬಗ್ಗೆಯೇ. ಅದರಲ್ಲಿರುವ ರೋಗಾಣುಗಳಿಗೆ ಯಾವ ಮದ್ದು ನಾಟುತ್ತದೆ ಅನ್ನುವ ಲೆಕ್ಕ ನಮ್ಮ ಜಿಲ್ಲೆಗೂ ಬೇಕು ಅಂತ ಕೇಳಲು.

ಲ್ಯಾಬಿಗೆ ಬರುವ ಪ್ರತಿ ಡಬ್ಬಿಯ ಜೊತೆ ಒಂದು ಚೀಟಿ ಇರುತ್ತದೆ. ಹೆಸರು, ವಯಸ್ಸು, ಊರು. ಹೆಸರನ್ನು ನಾನು ನೆನಪಿಟ್ಟುಕೊಳ್ಳುತ್ತಿರಲಿಲ್ಲ, ಇಟ್ಟುಕೊಳ್ಳಲೂಬಾರದು. ಊರು ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಪೆರ್ಲ. ಬಾಯಾರು. ಮುಳ್ಳೇರಿಯ. ಉಪ್ಪಳ. ವರ್ಕಾಡಿ. ನನ್ನ ಕಡೆಯವರ ಎದೆಯ ಕಫ, ಕಾಲಿನ ಕೀವು ನನ್ನ ಹಾಗೆಯೇ ನೇತ್ರಾವತಿ ದಾಟಿ ಬಂದಿರುತ್ತಿತ್ತು.

ಕೆಲಸ ಹೇಳುವುದಕ್ಕೆ ಸುಲಭ. ಕಫವನ್ನು ಮೊದಲು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಬಾಯಿಯ ಒಳಚರ್ಮದ ಕಣಗಳೇ ತುಂಬಿದ್ದರೆ ಅದು ಎಂಜಲು, ವಾಪಸ್ ಕಳಿಸಬೇಕು. ಕೀವಿನ ಕಣಗಳು ಜಾಸ್ತಿ ಇದ್ದರೆ ಒಳ್ಳೆಯ ಕಫ. (‘ಒಳ್ಳೆಯ ಕಫ’ ಅಂತ ಖುಷಿಪಡುವವರು ಪ್ರಪಂಚದಲ್ಲಿ ನಾವು ಮಾತ್ರ.) ಅದನ್ನು ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಎಳೆದು, 35 ಡಿಗ್ರಿಯ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟರೆ ಮರುದಿನ ಬ್ಯಾಕ್ಟೀರಿಯಾ ಚುಕ್ಕಿ ಚುಕ್ಕಿಯಾಗಿ ಎದ್ದಿರುತ್ತದೆ. ಯಾವುದು ಅಂತ ಗುರುತಿಸಿ ಇನ್ನೊಂದು ತಟ್ಟೆಗೆ ಹರಡಬೇಕು. ಅದರ ಮೇಲೆ ಆಂಟಿಬಯೋಟಿಕ್ ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡಬೇಕು. ಮತ್ತೆ 16ರಿಂದ 18 ಗಂಟೆ ಕಾಯಬೇಕು. ಮದ್ದು ನಾಟಿದರೆ ಬಿಲ್ಲೆಯ ಸುತ್ತ ಬೋಳು ವೃತ್ತ ಬೀಳುತ್ತದೆ. ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಹುಲ್ಲು ಬೆಳೆದ ಹಾಗೆ. ಆ ವೃತ್ತವನ್ನು ಸ್ಕೇಲಿನಲ್ಲಿ ಅಳೆಯುವುದು ನನ್ನ ಕೆಲಸ. ಒಂದು ಮಿಲಿಮೀಟರಿಗೂ ಬೆಲೆ ಇದೆ. ಕುರು, ಬಾವು, ಕೀವಿಗೆಲ್ಲ ಕಾರಣವಾಗುವ ಸ್ಟಫೈಲೋಕಾಕಸ್ ಆರಿಯಸ್‌ಗೆ ಸೆಫಾಕ್ಸಿಟಿನ್ ಬಿಲ್ಲೆ ಇಟ್ಟಾಗ ವೃತ್ತ 22 ಮಿ.ಮೀ. ಬಂದರೆ ಕ್ಲಾಕ್ಸಾಸಿಲಿನ್, ಸೆಫಲೆಕ್ಸಿನ್‌ನಂಥ ಸಾಮಾನ್ಯ ಮದ್ದು ಸಾಕು. 21 ಬಂದರೆ ಅದು ಎಂಆರ್‌ಎಸ್‌ಎ, ಅಂದರೆ ಈ ಮದ್ದುಗಳಿಗೆ ಬಗ್ಗದ ಸ್ಟಫೈಲೋಕಾಕಸ್. ಪೆನಿಸಿಲಿನ್ ಬಳಗದ ಹೆಚ್ಚುಕಡಿಮೆ ಎಲ್ಲ ಮದ್ದೂ ಅಲ್ಲಿಗೆ ಮುಗಿಯಿತು.

ಆ ರಿಪೋರ್ಟು ವಾರ್ಡಿಗೆ ಹೋಗುತ್ತದೆ, ರೋಗಿಯ ಫೈಲಿಗೆ ಹೋಗುತ್ತದೆ. ವರ್ಷದ ಕೊನೆಗೆ ಆಸ್ಪತ್ರೆಯ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ಪೆರ್ಲದ ಕಫ ಮಂಗಳೂರಿನ ಕಫ ಆಗಿಬಿಡುತ್ತದೆ. ಅದು ತಿರುಗಿ ಕಾಸರಗೋಡು ಜಿಲ್ಲೆಯ ಪುಸ್ತಕಕ್ಕೆ ಬರುವ ದಾರಿಯನ್ನು 34 ವರ್ಷದಲ್ಲಿ ನಾನು ಕಾಣಲಿಲ್ಲ.

ಕೊರೋನಾ ಬಂದು 2020ರ ಮಾರ್ಚ್ ಕೊನೆಗೆ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಸಣ್ಣ ರಸ್ತೆಗಳಿಗೆ ಮಣ್ಣು ಸುರಿದರು, ಗಡಿಯ ಗೇಟು ಇರುವ ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತು. ಆಗ ಏನೇನಾಯಿತು ಅಂತ ನಿಮಗೆ ಗೊತ್ತು, ನಾನು ಮತ್ತೆ ಕೆದಕುವುದಿಲ್ಲ. ನಾನೂ ಮನೆಯಲ್ಲೇ ಕೂತಿದ್ದೆ. ಒಂದು ದಿನ ಲ್ಯಾಬಿನ ಜೊತೆಗಾತಿ ಫೋನ್ ಮಾಡಿದಳು. ‘ಅಕ್ಕಾ, ರಿಜಿಸ್ಟರಿನಲ್ಲಿ ನಿಮ್ಮ ಕಡೆಯ ಒಂದು ಊರೂ ಇಲ್ಲ ಮಾರಾಯ್ರೆ’ ಅಂದಳು. ಅವಳು ಸುಮ್ನೆ ಮಾತಿಗೆ ಹೇಳಿದ್ದು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆ ಯಾರಿಗೂ ಕುರು ಆಗಲಿಲ್ಲ, ನ್ಯುಮೋನಿಯಾ ಬರಲಿಲ್ಲ ಅಂತಲ್ಲವಲ್ಲ. ನೋಡುವ ಕಣ್ಣು ಗಡಿಯ ಆಚೆ ಇತ್ತು, ಅಷ್ಟೇ.

ನಿವೃತ್ತಿಯ ಮೇಲೆ ನಾನು ನಮ್ಮ ಕಡೆಯ ಒಂದು ಕುಟುಂಬಾರೋಗ್ಯ ಕೇಂದ್ರಕ್ಕೆ ಬಿಪಿ ಮಾತ್ರೆಗೆ ಹೋಗುತ್ತೇನೆ. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು, ತೆಂಕಣ ಜಿಲ್ಲೆಯಲ್ಲಿ ಕಲಿತವರು. ನನ್ನ ಹಳೆಯ ಕೆಲಸ ಗೊತ್ತಾದ ಮೇಲೆ ಒಂದು ದಿನ ಕೂರಿಸಿಕೊಂಡು ಮಲಯಾಳದಲ್ಲಿ ಕೇಳಿದರು, ‘ಚೇಚೀ, ಈ ಕಡೆಯ ಕುರುವಿಗೆ ಯಾವ ಮದ್ದು ನಾಟುತ್ತದೆ? ನ್ಯುಮೋನಿಯಾಕ್ಕೆ ಯಾವುದು?’ ಡಾಕ್ಟರೊಬ್ಬರು ಟೆಕ್ನಿಷಿಯನ್ ಹತ್ತಿರ ಹೀಗೆ ಕೇಳುವುದು ಸಣ್ಣ ವಿಷಯ ಅಲ್ಲ. ನನಗೆ ಅವರ ಮೇಲೆ ಗೌರವ ಜಾಸ್ತಿ ಆಯಿತು. ಆದರೆ ಅವರಿಗೆ ಗೊತ್ತಿದ್ದದ್ದು ತಾವು ಕಲಿತ ಊರಿನ ಲೆಕ್ಕ, ನನಗೆ ಗೊತ್ತಿದ್ದದ್ದು ಮಂಗಳೂರಿನ ಲೆಕ್ಕ. ಕಾಸರಗೋಡಿನದ್ದು ಇಬ್ಬರ ಹತ್ತಿರವೂ ಇರಲಿಲ್ಲ.

‘ಅಲ್ಲಿನ ಲೆಕ್ಕವನ್ನೇ ಇಲ್ಲಿಗೆ ಹಿಡಿದರೆ ಆಗುವುದಿಲ್ಲವಾ?’ ಅಂತ ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಆಗುತ್ತದೆ. ಎಲ್ಲಿ ಆಗುವುದಿಲ್ಲ ಅಂತ ಹೇಳುತ್ತೇನೆ.

ದೊಡ್ಡ ಆಸ್ಪತ್ರೆಯ ಲೆಕ್ಕದಲ್ಲಿ ಐಸಿಯು ಸೇರಿರುತ್ತದೆ. ಅಲ್ಲಿ ವೆಂಟಿಲೇಟರಿನಲ್ಲಿ ಮಲಗಿದವರ ಕಫದಲ್ಲಿ ಬರುವ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಬೇರೆಯೇ ಜಾತಿಯ ಪೋಕರಿಗಳು. ಬಿಲ್ಲೆ ಮೇಲೆ ಬಿಲ್ಲೆ ಇಟ್ಟರೂ ವೃತ್ತವೇ ಬೀಳದ ತಟ್ಟೆಗಳನ್ನು ನಾನು ನೋಡಿದ್ದೇನೆ. ಬಾಯಾರಿನಲ್ಲಿ ಮನೆಯಲ್ಲೇ ಇದ್ದು ನ್ಯುಮೋನಿಯಾ ಹಿಡಿದ ಅಜ್ಜನ ಎದೆಯಲ್ಲಿ ಇರುವುದು ಹೆಚ್ಚಾಗಿ ಅದಲ್ಲ. ನ್ಯುಮೋಕಾಕಸ್ ಇರಬಹುದು, ಹೀಮೋಫಿಲಸ್ ಇರಬಹುದು. ಮೈಕೋಪ್ಲಾಸ್ಮಾ ಇದ್ದರೆ, ಬೇರೆ ಬ್ಯಾಕ್ಟೀರಿಯಾಗಳ ಮೈ ಸುತ್ತ ಇರುವ ಗೋಡೆ ಅದಕ್ಕೆ ಇಲ್ಲವೇ ಇಲ್ಲ. ಗೋಡೆ ಒಡೆಯುವ ಅಮಾಕ್ಸಿಸಿಲಿನ್‌ಗೆ ಅಲ್ಲಿ ಒಡೆಯಲು ಏನೂ ಸಿಗುವುದಿಲ್ಲ. ಇವೆಲ್ಲವನ್ನೂ ಒಟ್ಟಿಗೆ ಕಲಸಿ ‘ಇಷ್ಟು ಶೇಕಡಾ ನಾಟುವುದಿಲ್ಲ’ ಅಂತ ಹೇಳಿದರೆ, ಕೇಂದ್ರದ ಡಾಕ್ಟರು ಹೆದರಿ ದೊಡ್ಡ ಮದ್ದನ್ನೇ ಬರೆಯುತ್ತಾರೆ. ಬರೆದರೆ ಅವರನ್ನು ಬೈಯುವ ಹಾಗೂ ಇಲ್ಲ.

ಇನ್ನೊಂದು ವಿಷಯ ಜನರಿಗೆ ಗೊತ್ತಿರುವುದು ಕಡಿಮೆ. ಬ್ಯಾಕ್ಟೀರಿಯಾ ಒಂದೇ ಆದರೂ ಅದು ಎಲ್ಲಿ ಕೂತಿದೆ ಅನ್ನುವುದರ ಮೇಲೆ ಮದ್ದು ಬದಲಾಗುತ್ತದೆ. ಎಂಆರ್‌ಎಸ್‌ಎ ಚರ್ಮದಲ್ಲೂ ಬರುತ್ತದೆ, ಶ್ವಾಸಕೋಶಕ್ಕೂ ಇಳಿಯುತ್ತದೆ. ಡ್ಯಾಪ್ಟೋಮೈಸಿನ್ ಅಂತ ಒಂದು ದುಬಾರಿ ಇಂಜೆಕ್ಷನ್ ಇದೆ. ಚರ್ಮದ ಎಂಆರ್‌ಎಸ್‌ಎಗೆ ಚೆನ್ನಾಗಿ ನಾಟುತ್ತದೆ. ನ್ಯುಮೋನಿಯಾಕ್ಕೆ ಕೊಟ್ಟರೆ ಸೋಲುತ್ತದೆ. ಯಾಕೆ ಅಂದರೆ ನಮ್ಮ ಶ್ವಾಸಕೋಶದ ಗಾಳಿಚೀಲಗಳು ಅಂಟಿಕೊಳ್ಳದ ಹಾಗೆ ಒಳಗೆ ಒಂದು ನೊರೆಯಂಥ ಪಸೆ ಇರುತ್ತದೆ. ಅದೇ ಈ ಮದ್ದನ್ನು ಹಿಡಿದು ಕೂರಿಸಿಬಿಡುತ್ತದೆ. ತಟ್ಟೆಯಲ್ಲಿ ನೋಡಿದರೆ ಮಾತ್ರ ಎರಡೂ ಕಡೆ ‘ನಾಟುತ್ತದೆ’ ಅಂತಲೇ ಬರುತ್ತದೆ. ನ್ಯುಮೋಕಾಕಸ್ ಕಥೆಯೂ ಹೀಗೆಯೇ. ಅದನ್ನು ತಡೆಯಲು ಬೇಕಾದ ಪೆನಿಸಿಲಿನ್ ಪ್ರಮಾಣ ಮಿಲಿಲೀಟರಿಗೆ 2 ಮೈಕ್ರೋಗ್ರಾಂವರೆಗೆ ಇದ್ದರೂ ಎದೆಯ ಸೋಂಕಿಗೆ ಪೆನಿಸಿಲಿನ್ ಇಂಜೆಕ್ಷನ್ ನಡೆಯುತ್ತದೆ. ಅದೇ ರೋಗಾಣು ಮೆದುಳಿನ ಪೊರೆಗೆ ಹೋದರೆ 0.06 ದಾಟಿದ ಕೂಡಲೇ ‘ನಾಟುವುದಿಲ್ಲ’ ಅಂತ ಬರೆಯಬೇಕು. ಮದ್ದು ಅಲ್ಲಿಗೆ ಅಷ್ಟು ತಲುಪುವುದೇ ಇಲ್ಲ. ಅದಕ್ಕೇ ಕೀವಿನ ಪಟ್ಟಿ, ಕಫದ ಪಟ್ಟಿ ಬೇರೆ ಬೇರೆ ಇರಬೇಕು ಅಂತ ನಾನು ಹಟ ಹಿಡಿಯುವುದು.

ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಮಕ್ಕಳ ಕಾಲಿನ ಹುಣ್ಣು, ಗಂಟಲು ನೋವು ತರುವ ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್‌ಗೆ ಇವತ್ತಿಗೂ ಪೆನಿಸಿಲಿನ್ ನಾಟುತ್ತದೆ. ಎಂಬತ್ತು ವರ್ಷ ಹಳೆಯ, ಅಗ್ಗದ ಮದ್ದು. ಇನ್ನು ಸಣ್ಣ ಕುರುವಿಗೆ ಎಷ್ಟೋ ಸಲ ಕೀವು ತೆಗೆದು ಶುಚಿ ಮಾಡಿದರೆ ಸಾಕು, ಆಂಟಿಬಯೋಟಿಕ್ಕೇ ಬೇಡ. ಇದನ್ನು ಡಾಕ್ಟರು ನೋಡಿ ಹೇಳಬೇಕು, ನಾನಲ್ಲ. ಆದರೆ ನಮ್ಮ ಕಡೆ ಕುರು ಎದ್ದ ಕೂಡಲೇ ಏನಾಗುತ್ತದೆ ಅಂತ ನಿಮಗೂ ಗೊತ್ತು. ಗಲ್ಫಿನಿಂದ ಬಂದ ಮಗನ ಸೂಟ್‌ಕೇಸಿನಲ್ಲಿ ಸೆಂಟಿನ ಬಾಟಲಿ, ಖರ್ಜೂರದ ಜೊತೆ ‘625’ ಅನ್ನುವ ಆಂಟಿಬಯೋಟಿಕ್ ಮಾತ್ರೆಯ ಎರಡು ಪಟ್ಟಿಯೂ ಇರುತ್ತದೆ. ಮನೆಯಲ್ಲಿ ಯಾರಿಗೆ ಏನಾದರೂ ಅದರಿಂದ ನಾಲ್ಕು. ಉಳಿದದ್ದು ದೇವರ ಕೋಣೆಯ ಕಪಾಟಿನಲ್ಲಿ. ನಮ್ಮ ಮನೆಯಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ.

ಈಗ ನನ್ನನ್ನು ಈ ಪತ್ರಕ್ಕೆ ಕೂರಿಸಿದ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಸೇರಿ ಕೆಲವು ವರ್ಷ ಆಗಿತ್ತು. ಆಟಿ ತಿಂಗಳು, ಬಿಡದೆ ಮಳೆ. ನಮ್ಮ ಗಡಿ ಕಡೆಯ ಒಬ್ಬರ ಕಾಲಿನ ಕೀವು ಬಂತು. ಗದ್ದೆ ಕೆಲಸದವರು, ಸಕ್ಕರೆ ಕಾಯಿಲೆ ಇತ್ತು, ಜ್ವರ, ಜೊತೆಗೆ ಎದೆಯಲ್ಲೂ ಕಫ. ತಟ್ಟೆಯಲ್ಲಿ ಎದ್ದ ಚುಕ್ಕಿಗಳನ್ನು ನೋಡಿ ನಾನು ‘ಸೂಡೋಮೋನಾಸ್ ಜಾತಿ’ ಅಂತ ಬರೆದು ಮುಗಿಸಿದೆ. ಆಗ ನಮಗೆ ಅಷ್ಟೇ ಗೊತ್ತಿದ್ದದ್ದು. ಮುಂದೆ ವರ್ಷಗಳಾದ ಮೇಲೆ ಹೊಸದಾಗಿ ಬಂದ ಮೇಡಂ ಒಬ್ಬರು ಮೆಲಿಯೋಯ್ಡೋಸಿಸ್ ಅನ್ನುವ ಕಾಯಿಲೆಯ ಪಾಠ ಮಾಡಿದರು. ಅದನ್ನು ತರುವ ಬರ್ಖೋಲ್ಡೇರಿಯಾ ಸೂಡೋಮ್ಯಾಲೈ ಮಣ್ಣಿನಲ್ಲಿ, ಕೆಸರು ನೀರಿನಲ್ಲಿ ಇರುತ್ತದೆ. ಮಳೆಗಾಲದಲ್ಲಿ ಗಾಯದಿಂದ, ಉಸಿರಿನಿಂದ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರನ್ನು ಜಾಸ್ತಿ ಹಿಡಿಯುತ್ತದೆ. ನ್ಯುಮೋನಿಯಾವನ್ನೂ ತರುತ್ತದೆ, ಚರ್ಮದ ಬಾವನ್ನೂ ತರುತ್ತದೆ. ಬಣ್ಣ ಹಾಕಿ ನೋಡಿದರೆ ಎರಡು ತುದಿ ಮಾತ್ರ ಬಣ್ಣ ಹಿಡಿದು ಸೇಫ್ಟಿ ಪಿನ್ನಿನ ಹಾಗೆ ಕಾಣುತ್ತದೆ. ಎರಡು ಮೂರು ದಿನ ಬಿಟ್ಟರೆ ಚುಕ್ಕಿ ಒಣಗಿ ಸುಕ್ಕುಗಟ್ಟುತ್ತದೆ. ಮಣ್ಣಿನ ವಾಸನೆ ಬರುತ್ತದಂತೆ, ಆದರೆ ತಟ್ಟೆಯನ್ನು ಮೂಸಲೇಬಾರದು, ಮೂಸಿದವರಿಗೇ ಹತ್ತಬಹುದು. ಬಿಲ್ಲೆ ಇಟ್ಟಾಗ ಜೆಂಟಾಮೈಸಿನ್ ನಾಟುವುದಿಲ್ಲ, ಕೊಲಿಸ್ಟಿನ್ ನಾಟುವುದಿಲ್ಲ, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರ ನಾಟುತ್ತದೆ. ಈ ಮೂರೂ ಸೇರಿದರೆ ಸಂಶಯಪಡಬೇಕು.

ಪಾಠ ಕೇಳುತ್ತಾ ನನಗೆ ಆ ಸುಕ್ಕು ನೆನಪಾಯಿತು. ನಾನು ಬಿಸಾಡುವ ಮೊದಲು ಆ ತಟ್ಟೆ ಸುಕ್ಕುಗಟ್ಟಿತ್ತು. ಅದೇ ಆಗಿತ್ತಾ ಅಂತ ಈಗ ಯಾರೂ ಹೇಳಲಾರರು. ಅದೇ ಆಗಿದ್ದರೆ, ಅವರಿಗೆ ಬೇಕಾಗಿದ್ದದ್ದು ಕಡಿಮೆ ಅಂದರೂ ಎರಡು ವಾರ ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಇಂಜೆಕ್ಷನ್, ಆಮೇಲೆ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ನನ್ನ ಚೀಟಿ ನೋಡಿ ಅದನ್ನು ಯಾರು ಕೊಡುತ್ತಿದ್ದರು? ಡಾಕ್ಟರದ್ದೇನೂ ತಪ್ಪಿಲ್ಲ. ಬರೆದವಳು ನಾನು.

ಈ ಕರಾವಳಿಯಲ್ಲಿ, ಮಂಗಳೂರು, ಉಡುಪಿ ಕಡೆ ಮೆಲಿಯೋಯ್ಡೋಸಿಸ್ ಇದೆ ಅಂತ ಈಗ ಎಲ್ಲ ಲ್ಯಾಬಿಗೂ ಗೊತ್ತು. ಮಣ್ಣು ತಲಪಾಡಿಯ ಗೇಟಿನಲ್ಲಿ ಬದಲಾಗುವುದಿಲ್ಲ. ಮಳೆಯೂ ಅದೇ, ಅಡಿಕೆ ತೋಟದ ಕಣಿಯೂ ಅದೇ. ಆದರೆ ಜಿಲ್ಲೆಯ ಪುಸ್ತಕದಲ್ಲಿ ಹೆಸರೇ ಇಲ್ಲದ ರೋಗಾಣುವನ್ನು ಕೇಂದ್ರದ ಡಾಕ್ಟರು ಹೇಗೆ ಸಂಶಯಪಡುವುದು?

ಕೇರಳ ಈ ವಿಷಯದಲ್ಲಿ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಬೇರೆ ರಾಜ್ಯಗಳಿಗಿಂತ ಮುಂದೆಯೇ ಇದೆ. 2018ರಲ್ಲೇ ಆಂಟಿಬಯೋಟಿಕ್ ವಿಷಯಕ್ಕೆ ರಾಜ್ಯದ್ದೇ ಕ್ರಿಯಾಯೋಜನೆ ಮಾಡಿತು. 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಶುರುವಾಗಿ ಡಾಕ್ಟರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ತಪಾಸಣೆ ನಡೆಯಿತು. ಮಾತ್ರೆಯನ್ನು ನೀಲಿ ಲಕೋಟೆಯಲ್ಲಿ ಕೊಡುವ ಕ್ರಮ ಬಂತು. ರಾಜ್ಯದ ಆಂಟಿಬಯೋಗ್ರಾಂ ಬರುತ್ತಿದೆ, ಎರ್ನಾಕುಲಂ ಜಿಲ್ಲೆ ತನ್ನದೇ ಆಂಟಿಬಯೋಗ್ರಾಂ ಪ್ರಕಟಿಸಿದೆ. ಆಂಟಿಬಯೋಗ್ರಾಂ ಅಂದರೆ ದೊಡ್ಡ ಸಂಗತಿಯೇನಲ್ಲ. ಒಂದು ಕಡೆ ರೋಗಾಣುಗಳ ಹೆಸರು, ಮೇಲ್ಗಡೆ ಮದ್ದಿನ ಹೆಸರು, ನಡುವಿನ ಮನೆಗಳಲ್ಲಿ 100ರಲ್ಲಿ ಎಷ್ಟಕ್ಕೆ ನಾಟಿತು ಅನ್ನುವ ಸಂಖ್ಯೆ. ಒಂದು ಹಾಳೆ. ಡಾಕ್ಟರ ಮೇಜಿನ ಗಾಜಿನ ಅಡಿಗೆ ಇಡಬಹುದು.

ಆ ಹಾಳೆ ಕಾಸರಗೋಡಿಗೆ ಬೇಕು. ಬರೀ ಇಲ್ಲಿನ ಲ್ಯಾಬುಗಳ ಲೆಕ್ಕ ಹಿಡಿದು ಮಾಡಿದರೆ ಅದು ಅರ್ಧ ಹಾಳೆ. ಮಂಜೇಶ್ವರ ತಾಲೂಕಿನವರು, ಕಾಸರಗೋಡು ತಾಲೂಕಿನವರು ಕಾಯಿಲೆ ಜೋರಾದರೆ ಎಲ್ಲಿಗೆ ಓಡುತ್ತಾರೆ ಅಂತ ನಿಮಗೆ ನಾನು ಹೇಳಬೇಕಾ? ಗಡಿಯ ಆಚೆಯ ರಿಪೋರ್ಟೂ ಸೇರಬೇಕು. ಇದಕ್ಕೆ ಯಾರ ಹೆಸರೂ ಬೇಡ, ವಿಳಾಸವೂ ಬೇಡ. ಪಿನ್‌ಕೋಡ್ ಸಾಕು. ನಮ್ಮ ಜಿಲ್ಲೆಯ ಪಿನ್‌ಕೋಡ್ ಶುರುವಾಗುವುದು 671ರಿಂದ. ಮಂಗಳೂರಿನ ಆಸ್ಪತ್ರೆಗಳ ಲ್ಯಾಬುಗಳು ಈಗ ಕಂಪ್ಯೂಟರಿನಲ್ಲೇ ಎಲ್ಲ ಬರೆಯುತ್ತವೆ. 671 ಅಂತ ಸೋಸಿದರೆ ನಮ್ಮವರ ಕಫ, ನಮ್ಮವರ ಕೀವು ಬೇರೆಯಾಗಿ ಸಿಗುತ್ತದೆ. ವರ್ಷಕ್ಕೊಮ್ಮೆ ಆ ಹಾಳೆ ಕೊಡಿ ಅಂತ ದಕ್ಷಿಣ ಕನ್ನಡ ಜಿಲ್ಲಾಡಳಿತಕ್ಕೆ ನೀವು ಒಂದು ಕಾಗದ ಬರೆಯಬೇಕು, ಒಂದು ಸಲ ಕೂತು ಮಾತಾಡಬೇಕು. ಎರಡು ರಾಜ್ಯಗಳ ನಡುವೆ ನೀರಿನ ಜಗಳ, ಬಸ್ಸಿನ ಜಗಳ ಇರಬಹುದು. ಕೀವಿನ ಮೇಲೆ ಯಾರಿಗೆ ಜಗಳ?

ಲೆಕ್ಕ ಮಾಡುವವರಿಗೆ ಟೆಕ್ನಿಷಿಯನ್ ಆಗಿ ಎರಡು ಮಾತು. ಒಬ್ಬ ರೋಗಿಯಿಂದ ಹತ್ತು ಸಲ ಕಳಿಸಿದ ಕಫದಲ್ಲಿ ಅದೇ ರೋಗಾಣು ಬಂದರೆ ಒಂದು ಸಲ ಮಾತ್ರ ಎಣಿಸಿ, ಮೊದಲನೆಯದನ್ನು. ಇಲ್ಲದಿದ್ದರೆ ತುಂಬಾ ದಿನ ಮಲಗಿದವರೇ ಪಟ್ಟಿಯಲ್ಲಿ ತುಂಬಿಬಿಡುತ್ತಾರೆ. ಒಂದು ರೋಗಾಣುವಿನ 30 ಮಾದರಿಯಾದರೂ ಇಲ್ಲದೆ ಶೇಕಡಾ ಹಾಕಬೇಡಿ. ಹತ್ತರಲ್ಲಿ ಆರು ಅನ್ನುವುದನ್ನು ಶೇಕಡಾ 60 ಅಂತ ಬರೆದರೆ ಅದು ಮೋಸ. ಒಂದು ವರ್ಷದಲ್ಲಿ 30 ಆಗದಿದ್ದರೆ ಎರಡು ವರ್ಷದ್ದು ಸೇರಿಸಿ. ಹೊರರೋಗಿ ಬೇರೆ, ಐಸಿಯು ಬೇರೆ. ಅಲ್ಲದೆ, ಈಗ ಕಲ್ಚರಿಗೆ, ಅಂದರೆ ತಟ್ಟೆಯಲ್ಲಿ ಬೆಳೆಸಿ ನೋಡಲು, ಬರುವುದೇ ಮೂರು ಮದ್ದು ಸೋತ ಮೇಲೆ. ಸೋತವರನ್ನು ಮಾತ್ರ ಎಣಿಸಿದರೆ ಊರೆಲ್ಲ ಸೋತ ಹಾಗೆಯೇ ಕಾಣುತ್ತದೆ. ಅದಕ್ಕೆ ಕುಟುಂಬಾರೋಗ್ಯ ಕೇಂದ್ರಗಳಿಂದ ಸಾಧಾರಣ ಕುರುವಿನ ಕೀವೂ, ಮೊದಲ ಮಾತ್ರೆ ನುಂಗುವ ಮುಂಚಿನ ಕಫವೂ ಸ್ವಲ್ಪ ಸ್ವಲ್ಪ ಲ್ಯಾಬಿಗೆ ಹೋಗಬೇಕು. ಸಣ್ಣ ಕೇಂದ್ರದಲ್ಲಿ ಮಾದರಿ ತೆಗೆದು ದೊಡ್ಡ ಲ್ಯಾಬಿಗೆ ಕಳಿಸುವ ‘ನಿರ್ಣಯ’ ಜಾಲ ರಾಜ್ಯದಲ್ಲಿ ಇದೆಯಲ್ಲ, ಅದರ ಗಾಡಿಯಲ್ಲಿ ಇದೂ ಹೋಗಲಿ. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿ, 2022ರ ಜನವರಿಯಲ್ಲಿ ಒಪಿ ತೆರೆದಿರಿ. ನಾವು ಕಾದೆವು. ಈ ಹಾಳೆ ತಯಾರಾಗುವ ಜಾಗ ಅದೇ ಆಗಲಿ ಅಂತ ನನ್ನ ಆಸೆ. ಹೊಸ ಕಾಲೇಜಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗುವುದಿಲ್ಲ.

ಕೊನೆಯದು ಭಾಷೆ. ಹಳೆಯ ದೂರು, ಆದರೆ ಇಲ್ಲಿ ಅದು ಬರೀ ಅಭಿಮಾನದ ವಿಷಯ ಅಲ್ಲ. ಕಳೆದ ವರ್ಷ ನಮ್ಮ ಪಕ್ಕದ ಮನೆಯ ಅಜ್ಜಿಗೆ ಕಾಲಿನ ಬಾವಿಗೆ ಮಾತ್ರೆ ಕೊಟ್ಟಿದ್ದರು. ಲಕೋಟೆಯ ಮೇಲಿನ ಸೂಚನೆ ಮಲಯಾಳದಲ್ಲಿತ್ತು. ಅಜ್ಜಿ ಕನ್ನಡ ಶಾಲೆಯಲ್ಲಿ ಐದನೆಯ ತರಗತಿವರೆಗೆ ಓದಿದವರು, ದಿನಾ ಪೇಪರ್ ಓದುತ್ತಾರೆ. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ದಿನಕ್ಕೆ ಮೂರು ಅಂತ ಇದ್ದದ್ದನ್ನು ಒಂದು ಅಂತ ತಿಳಿದು ನುಂಗಿದರು. ‘ಮೊಮ್ಮಗನ ಹತ್ತಿರ ಕೇಳಬಹುದಿತ್ತಲ್ಲಾ ಅಜ್ಜಿ?’ ಅಂದೆ. ‘ಅವನು ಬೆಂಗಳೂರಿಂದ ಬರುವುದು ದೀಪಾವಳಿಗೆ’ ಅಂದರು. ಮೂರರ ಬದಲು ಒಂದು ನುಂಗಿದರೆ ರೋಗಾಣು ಸಾಯುವಷ್ಟು ಮದ್ದು ಮೈಯಲ್ಲಿ ನಿಲ್ಲುವುದಿಲ್ಲ. ಸೊಪ್ಪಾದವು ಸಾಯುತ್ತವೆ, ಗಟ್ಟಿ ಇದ್ದವು ಉಳಿದು ಮರಿ ಹಾಕುತ್ತವೆ. ನಾನು 34 ವರ್ಷ ತಟ್ಟೆಯಲ್ಲಿ ಅಳೆದದ್ದು ಇದನ್ನೇ. ಮಂಜೇಶ್ವರ, ಕಾಸರಗೋಡು ತಾಲೂಕಿನ ನೀಲಿ ಲಕೋಟೆಗಳ ಮೇಲೆ ಕನ್ನಡದಲ್ಲೂ ನಾಲ್ಕು ಸಾಲು ಅಚ್ಚು ಹಾಕಿಸಿ. ಅಷ್ಟೂ ಆಗದಿದ್ದರೆ ಮೂರು ಸೂರ್ಯನ ಚಿತ್ರ ಹಾಕಿ: ಮೂಡುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ. ಸೂರ್ಯ ಎಲ್ಲ ಭಾಷೆಯವರಿಗೂ ಓದಲು ಬರುತ್ತದೆ.

ಆ ಹಾಳೆ ಮಾಡುವ ಕೆಲಸಕ್ಕೆ ಜನ ಸಾಲದು ಅಂತ ಮಾತ್ರ ಹೇಳಬೇಡಿ. ನನಗೆ ಈಗ ರೈಲು ಹಿಡಿಯುವ ಅವಸರ ಇಲ್ಲ. ವಾರಕ್ಕೆ ಎರಡು ದಿನ ಉಕ್ಕಿನಡ್ಕಕ್ಕೆ ಬಸ್ಸಿನಲ್ಲಿ ಬರಬಲ್ಲೆ, ಸಂಬಳ ಬೇಡ, ಊಟ ಮನೆಯಿಂದ ತರುತ್ತೇನೆ. ನನ್ನ ಹಳೆಯ ಸ್ಕೇಲಿನಲ್ಲಿ 21 ಮತ್ತು 22ರ ಗೆರೆಗಳು ಬೆರಳು ತಾಗಿ ತಾಗಿ ಸವೆದಿವೆ, ಹೊಸದೊಂದು ಕೊಡಿಸಿದರೆ ಸಾಕು.

ಉತ್ತರವನ್ನು ಕನ್ನಡದಲ್ಲೇ ಬರೆಯಿರಿ. ಪಕ್ಕದ ಮನೆಯ ಅಜ್ಜಿಗೂ ಓದಿ ನೋಡಬೇಕಂತೆ.

ಇತಿ,
ಕುಂಬಳೆ ಕಡೆಯ ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್